ಉಪ್ಪು ತಿಂದ ತಗಡು

ಆ ಬೇಸಿಗೆಯಲ್ಲಿ ನಾನು ಮೊದಲ ಸಲ ಒಬ್ಬನೇ ಒಂದು ಛಾವಣಿ ಹತ್ತಿದೆ. ಅದಕ್ಕೂ ಮೊದಲು ನಾವು ಇಬ್ಬರಿದ್ದೆವು. ತಗಡಿನ ಛಾವಣಿಗೆ ಬಣ್ಣ ಹೊಡೆಯುವವರು ಬೈಲಹೊಂಗಲ ಕಡೆ ಜೋಡಿಯಾಗಿಯೇ ಹೋಗುತ್ತಿದ್ದರು. ಛಾವಣಿಯ ನೆತ್ತಿಯ ಮೇಲಿಂದ ಒಂದೇ ಹಗ್ಗ ಹಾಯಿಸಿ, ಆಚೆಯ ಇಳಿಜಾರಿನಲ್ಲಿ ಅವನು, ಈಚೆಯ ಇಳಿಜಾರಿನಲ್ಲಿ ನಾನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆವು. ಅವನು ಜಾರಿದರೆ ನನ್ನ ತೂಕ ಅವನನ್ನು ಹಿಡಿಯಬೇಕು, ನಾನು ಜಾರಿದರೆ ಅವನ ತೂಕ ನನ್ನನ್ನು. ದಿನವಿಡೀ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆದರೆ ಹಗ್ಗ ಜಗ್ಗಿದ ರೀತಿಯಲ್ಲೇ ಅವನು ಬಣ್ಣದ ಡಬ್ಬಿಗೆ ಬಗ್ಗಿದನೋ, ತಂಬಾಕು ತಿಕ್ಕಲು ಕುಳಿತನೋ ನನಗೆ ತಿಳಿಯುತ್ತಿತ್ತು.

ಆ ಜೋಡಿದಾರ ಈಗ ಕಿತ್ತೂರಿನ ಹೈವೇ ಬದಿಗೆ ಹೊಸ ಶೀಟು ಹಾಕುವ ಗುತ್ತಿಗೆದಾರನ ಹತ್ತಿರ ಸೇರಿಕೊಂಡಿದ್ದಾನೆ. ಹಳೆಯ ತಗಡು ಕಿತ್ತು ಒಗೆಯುವುದು, ಕಾರ್ಖಾನೆಯಲ್ಲೇ ಬಣ್ಣ ಬಳಿದು ಬಂದ ಶೀಟು ಜೋಡಿಸುವುದು, ಸಂಜೆಗೆ ಮನೆ. ಅವನದೇನೂ ತಪ್ಪಿಲ್ಲ. ತುಕ್ಕು ಹಿಡಿದ ತಗಡನ್ನು ಕೆರೆದು, ಮದ್ದು ಮಾಡಿ ಉಳಿಸಿಕೊಳ್ಳುವ ತಾಳ್ಮೆ ಈಗ ಯಾರಿಗೂ ಬೇಕಾಗಿಲ್ಲ. ಆದರೂ ನನಗೆ ಅವನ ಮೇಲೆ ಸಿಟ್ಟಿತ್ತು. ಮನೆಯಲ್ಲಿ ಹೆಂಡತಿಯಾದರೂ ಇದ್ದಿದ್ದರೆ ಅವಳ ಮುಂದೆ ಬೈದು ಹಗುರಾಗುತ್ತಿದ್ದೆ. ಅವಳು ಮಗಳ ಬಾಣಂತನಕ್ಕೆಂದು ಮಿರಜಿಗೆ ಹೋದವಳು, ಅವಳಿ ಮೊಮ್ಮಕ್ಕಳ ಕೈಗೆ ಸಿಕ್ಕು ಅಲ್ಲೇ ಉಳಿದುಬಿಟ್ಟಿದ್ದಳು. ಫೋನು ಮಾಡಿದರೆ ಒಂದು ಕೂಸು ಅಳುತ್ತಿರುತ್ತಿತ್ತು, ಅದು ಸುಮ್ಮನಾದರೆ ಇನ್ನೊಂದು. "ಆಮ್ಯಾಲ ಮಾಡತೇನಿ" ಎಂದು ಇಡುತ್ತಿದ್ದಳು. ಆ "ಆಮ್ಯಾಲ" ಬರುತ್ತಲೇ ಇರಲಿಲ್ಲ.

ಹಾಗಿರುವಾಗ ರಾಮದುರ್ಗದ ಕಡೆಯ ನೇಕಾರರ ಊರೊಂದರಿಂದ ಕರೆ ಬಂತು. ವಿದ್ಯುತ್ ಮಗ್ಗದ ಶೆಡ್ಡು, ತಗಡು ತೀರಾ ಹದಗೆಟ್ಟಿದೆ, ಮಿರಗದ, ಅಂದರೆ ಮೃಗಶಿರೆಯ ಮಳೆಗೆ ಮೊದಲು ಮುಗಿಸಬೇಕು. ಬ್ರಶ್ಶು, ಹಗ್ಗ, ಡಬ್ಬಿಗಳನ್ನು ಮೋಟಾರ್ ಸೈಕಲ್ಲಿಗೆ ಬಿಗಿದುಕೊಂಡು ಸವದತ್ತಿ ದಾಟಿ ಹೋದೆ. ನವಿಲುತೀರ್ಥದ ಹಿನ್ನೀರು ರಸ್ತೆಯಿಂದ ದೂರ ಸರಿದು, ಬಿರುಕು ಬಿಟ್ಟ ಕಪ್ಪು ನೆಲ ಕಾಣುತ್ತಿತ್ತು.

ಶೆಡ್ಡಿನ ಒಡತಿ ಸುಮಾರು ನಲವತ್ತೈದರ ಹೆಂಗಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎರಡು ಮಗ್ಗಗಳನ್ನು ಒಬ್ಬಳೇ ನಡೆಸುತ್ತಿದ್ದಳು. ಶೆಡ್ಡಿನ ಹಿಂದಿನ ಎರಡು ಅಂಕಣವೇ ಅವಳ ಮನೆ. ನಾನು ಹೋದಾಗ ಮಗ್ಗಗಳ ಸದ್ದಿನಲ್ಲಿ ಅವಳಿಗೆ ನನ್ನ ಕೂಗು ಕೇಳಲಿಲ್ಲ. ಎದುರಿಗೆ ಹೋಗಿ ನಿಂತ ಮೇಲೆ ಸ್ವಿಚ್ಚು ಆರಿಸಿ, ಸೆರಗಿನಿಂದ ಮುಖದ ಮೇಲಿನ ನೂಲಿನ ಧೂಳು ಒರೆಸಿಕೊಂಡು ನೇರ ವಿಷಯಕ್ಕೆ ಬಂದಳು.

"ಅಣ್ಣಾರ, ಒಂದ ಮಾತ ಮೊದಲ ಹೇಳತೇನಿ. ಹ್ವಾದ ಮಳಿಗಾಲದಾಗ ಸೋರಿ, ಮಗ್ಗಕ್ಕ ಬಿಗಿದ ಒಂದ ಇಡೀ ಬೀಮಿನ ಹಾಸಿನ ನೂಲು ಕೆಟ್ಟ ಹೋತು. ಕೆಂಪು ಬಣ್ಣ ಹಳದಿ ಎಳಿ ಮ್ಯಾಲ ಇಳದು ಹೋಳಿ ಆಡಿದಂಗ ಆಗಿತ್ತು. ನಮ್ಮ ಮೈದುನ ರಬಕವ್ಯಾಗ ಅದಾನ. ಮಗ್ಗ ಎರಡೂ ಬಿಚ್ಚಿ ನನ್ನ ಶೆಡ್ಡಿಗೆ ಒಯ್ಯತೇನಿ, ನೀವೂ ಬರ್ರಿ ವೈನಿ ಅಂತ ಗಂಟ ಬಿದ್ದಾನ."

"ಹೋಗಾಕ ಮನಸ್ಸಿಲ್ಲೇನ್ರಿ ಅಕ್ಕಾರ?"

"ಅಂವ ಕೆಟ್ಟಾಂವ ಅಲ್ರಿ. ಆದ್ರ ಇಲ್ಲೆ ನಾ ಮಾಲಕಿ, ಅಲ್ಲೆ ಹ್ವಾದ್ರ ಮನ್ಯಾಗಿನ ಒಂದ ಮೂಲಿ. ಅದಕ ಅಂವಗ ಮಾತ ಕೊಟ್ಟೇನಿ. ಈ ಸಲ ಮಿರಗದ ಮಳ್ಯಾಗ ಹಾಸಿನ ಮ್ಯಾಲ ಒಂದ ಹನಿ ಬಿದ್ರೂ ಮಗ್ಗ ಹೇರಿ ಕಳಸ್ತೇನಿ, ನಾನೂ ಬರತೇನಿ. ಬೀಳಲಿಲ್ಲ ಅಂದ್ರ ಮತ್ತ ಆ ಮಾತ ಎತ್ತಬಾರದು."

ಇಷ್ಟು ಹೇಳಿ ಮತ್ತೆ ಸ್ವಿಚ್ಚು ಹಾಕಿದಳು. ನನ್ನ ಕೆಲಸದ ಮೇಲೆ ಒಬ್ಬ ಹೆಂಗಸಿನ ಬಾಳು ನಿಂತಿದೆಯೆಂದು ಕೇಳಿ ನನಗೆ ಹೆಮ್ಮೆಯೇನೂ ಆಗಲಿಲ್ಲ, ಹೆದರಿಕೆಯಾಯಿತು.

ಮಲಗಲು ಊರ ಹಳೆಯ ಗರಡಿಮನೆ ತೋರಿಸಿದರು. ಈಗ ಅಲ್ಲಿ ಯಾರೂ ಕುಸ್ತಿ ಆಡುವುದಿಲ್ಲ. ಮೂಲೆಯಲ್ಲಿ ಒಂದು ಕಲ್ಲಿನ ಗುಂಡು, ಗೋಡೆಯ ಮೇಲೆ ಮಸುಕಾದ ಹನುಮಪ್ಪ, ನಡುವೆ ನಾನು. ರೊಟ್ಟಿ ಖಾನಾವಳಿಯಿಂದ ಬರುತ್ತಿತ್ತು. ತಂದವನು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದ, ಅವನಿಗೂ ಮಾತಾಡಲು ಪುರುಸೊತ್ತಿರಲಿಲ್ಲ.

ತಗಡಿನ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬರಿಗಾಲಲ್ಲಿ ಹತ್ತಬೇಕು, ಬೋಲ್ಟುಗಳ ಸಾಲಿನ ಮೇಲೆಯೇ ಕಾಲಿಡಬೇಕು. ಆ ಸಾಲಿನ ಕೆಳಗೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಮಿಕ್ಕ ಕಡೆ ಬರೀ ನಂಬಿಕೆ. ಆಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಬೇಕು. ಆ ಛಾವಣಿಯಲ್ಲಿ ಸುತ್ತು ಹಾಕಿ ಹಾಕಿ ಸೀಮೆಸುಣ್ಣವೇ ಸವೆಯಿತು. ಬಿಸಿಲು ಏರಿದ ಮೇಲೆ ತಗಡು ರೊಟ್ಟಿಯ ಹಂಚಾಗುತ್ತದೆ, ಆದ್ದರಿಂದ ನಸುಕಿನಲ್ಲಿ ಹತ್ತಿ ಹೊತ್ತೇರುವ ಮುಂಚೆ ಇಳಿಯುವುದು, ಇಳಿಹೊತ್ತಿಗೆ ಮತ್ತೆ ಹತ್ತುವುದು.

ತಗಡಿನ ಮೇಲೆಲ್ಲ ಸುಣ್ಣದ ಪದರವಿತ್ತು. ಅದರಲ್ಲಿ ಹೊಸದೇನಿಲ್ಲ, ನಮ್ಮ ಕಡೆ ಬೇಸಿಗೆ ಬಂದರೆ ಸೆಕೆ ತಡೆಯಲು ತಗಡಿಗೆ ಸುಣ್ಣ ಬಳಿಯುತ್ತಾರೆ. ಆ ಸುಣ್ಣ ಹೆಕ್ಕಳಿಕೆಯಾಗಿ ಏಳುತ್ತಿತ್ತು, ಅದರ ಕೆಳಗೆ ಇಟ್ಟಂಗಿ ಬಣ್ಣದ ತುಕ್ಕು. ತೆಳು ಪಟ್ಟಿಯಿಂದ ಕೆರೆದೆ, ತಂತಿ ಬ್ರಶ್ಶಿನಿಂದ ತಿಕ್ಕಿದೆ, ಉಸುಕಿನ ಕಾಗದ ಹಾಕಿ ಉಜ್ಜಿದೆ, ಒಣ ಬಟ್ಟೆಯಿಂದ ಒರೆಸಿದೆ. ನೀರು ಹಾಕಿ ತೊಳೆಯುವುದು ಸಾಧ್ಯವಿರಲಿಲ್ಲ. ತೂತುಗಳ ಕೆಳಗೇ ಹಾಸು ಹರವಿಕೊಂಡು ಮಗ್ಗ ನಡೆಯುತ್ತಿತ್ತು. ಮೇಲಿಂದ ಒಂದು ಚೊಂಬು ಸುರಿದರೂ ನಾನೇ ಆ ಮಾತಿನ ಮೊದಲ ಹನಿ ಬೀಳಿಸಿದಂತಾಗುತ್ತಿತ್ತು.

ಹಗ್ಗದ ಇನ್ನೊಂದು ತುದಿಯನ್ನು ಆಚೆ ಬದಿಯ ಬೇವಿನ ಮರಕ್ಕೆ ಕಟ್ಟಿದ್ದೆ. ಮರ ಜಗ್ಗುವುದಿಲ್ಲ. ಅದು ಒಳ್ಳೆಯದೇ, ಜೀವ ಉಳಿಸಲು ಮನುಷ್ಯನಿಗಿಂತ ಮರವೇ ವಾಸಿ. ಆದರೆ ದಿನವಿಡೀ ಸತ್ತ ಹಗ್ಗ ಸೊಂಟದಲ್ಲಿ ಕಟ್ಟಿಕೊಂಡಿರುವುದು ನನಗೆ ಒಗ್ಗಲಿಲ್ಲ. ಮೇಲಿಂದ ಇಡೀ ಓಣಿ ಕಾಣುತ್ತಿತ್ತು. ಹಪ್ಪಳ ಒಣಗಿಸುವ ಅತ್ತೆ, ಅದನ್ನು ಕದಿಯುವ ಸೊಸೆ, ಕಟ್ಟೆಯ ಮೇಲೆ ಕುಳಿತು ಊರ ಉಸಾಬರಿ ಮಾಡುವ ಮುದುಕರು. ಎಲ್ಲರೂ ಕಾಣುತ್ತಿದ್ದರು, ಒಬ್ಬರೂ ತಲೆಯೆತ್ತುತ್ತಿರಲಿಲ್ಲ. ಒಂದೊಂದು ಸಂಜೆ ಬ್ರಶ್ಶಿನ ಜೊತೆ ಮಾತಾಡುತ್ತಿದ್ದೆ. ಅದು ಜೋಡಿದಾರನಂತೆ ಎದುರುತ್ತರ ಕೊಡುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಕೆರೆದು ಮುಗಿದ ಮೇಲೆ ಕೆಂಪು ಪ್ರೈಮರ್ ಎಳೆದೆ. ಇಡೀ ಛಾವಣಿ ಕುಂಕುಮ ಹಚ್ಚಿದಂತೆ ಚೆಂದ ಕಂಡಿತು. ಇಳಿದು ಬಂದು ನಾನೇ ದೂರ ನಿಂತು ನೋಡಿದೆ. ಇನ್ನು ತೂತುಗಳಿಗೆ ಬಲೆ ಅಂಟಿಸಿ ತೇಪೆ ಹಾಕುವುದು, ಬೋಲ್ಟಿನ ತಲೆಗಳಿಗೆ ನೀರಿಳಿಯದಂತೆ ಸೀಲು ಹಚ್ಚುವುದು, ಮೇಲೆ ಬಿಸಿಲು ತಡೆಯುವ ಬಿಳಿ ಲೇಪನ ಎರಡು ಸಲ. ಬೋಲ್ಟಿನ ಸೀಲು ಮಾತ್ರ ನಾಜೂಕಿನ ಕೆಲಸ. ಮಗ್ಗ ನಡೆದರೆ ತಗಡೆಲ್ಲ ನಡುಗುತ್ತದೆ, ಹಚ್ಚಿದ ಸೀಲು ಒಣಗುವ ಮೊದಲೇ ಸೀಳುತ್ತದೆ. ಅದಕ್ಕೆ ಒಂದು ಇಡೀ ದಿನ ಮಗ್ಗ ನಿಲ್ಲಬೇಕು. ಅವಳನ್ನು ಕೇಳಿದೆ.

"ಕೊಡೂ ಮಾಲು ಐತ್ರಿ, ನಿಲ್ಲಸಾಕ ಆಗಂಗಿಲ್ಲ," ಎಂದಳು. "ಬಾದಾಮಿ ಅಮಾಸಿ ಬಂತಲ್ರಿ, ಅವತ್ತ ಹೆಂಗೂ ಮಗ್ಗ ನಡಸಂಗಿಲ್ಲ. ಅವತ್ತ ಮಾಡ್ಕೋರಿ."

ಅಮಾವಾಸ್ಯೆಯ ದಿನ ಅವರು ಮಗ್ಗಕ್ಕೆ ಕಾಯಿ ಒಡೆದು, ಲಿಂಬೆಹಣ್ಣು ಕಟ್ಟಿ, ವಿಶ್ರಾಂತಿ ಕೊಡುತ್ತಾರೆ. "ನಿಮ್ಮ ಮನ್ಯಾಗ ಅಮಾಸಿ ಹಿಡಿತೀರೇನ್ರಿ?" ಎಂದು ಕೇಳಿದಳು.

"ನಮ್ಮದು ಬೌದ್ಧರ ಮನಿರಿ. ನಮಗ ಬುದ್ಧ ಪೌರ್ಣಿಮಾ."

"ಹಂಗಾರ ಹುಣ್ಣಿವಿ ನಿಮ್ಮದು, ಅಮಾಸಿ ನಮ್ಮದು. ಜಗಳ ಇಲ್ಲ ಬಿಡ್ರಿ," ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಸಂಜೆ ಎರಡು ಹನಿ ಅಡ್ಡಮಳೆ ಉದುರಿತು. ನೆಲ ನೆನೆಯುವಷ್ಟೂ ಅಲ್ಲ. ಬೆಳಗ್ಗೆ ಹತ್ತಿ ನೋಡಿದರೆ ನನ್ನ ಕುಂಕುಮದ ಛಾವಣಿಯ ಮೇಲೆ ಗುಳ್ಳೆಗಳು ಎದ್ದಿದ್ದವು. ಒಂದೆರಡಲ್ಲ, ಎಣ್ಣೆಗೆ ಬಿಟ್ಟ ಸಂಡಿಗೆಯಂತೆ ಉದ್ದಕ್ಕೂ. ಉಗುರಿನಿಂದ ಚುಚ್ಚಿದರೆ ಪ್ರೈಮರಿನ ಸಿಪ್ಪೆ ಕಳಚಿ ಬರುತ್ತಿತ್ತು, ಕೆಳಗೆ ಒದ್ದೆ ತುಕ್ಕು ಆಗಲೇ ಹೊಸದಾಗಿ ಹುಟ್ಟಿತ್ತು.

ನಾನು ಮೊದಲು ಪ್ರೈಮರನ್ನು ಬೈದೆ. ಆಮೇಲೆ ಥಿನ್ನರ್ ಕಲಬೆರಕೆಯೆಂದು ಅಂಗಡಿಯವನಿಗೆ ಫೋನು ಮಾಡಿ ಬೈದೆ. ಅವನು, "ನನ್ನ ಡಬ್ಬಿ ಊರೆಲ್ಲ ಒಯ್ದಾರ, ನಿಮ್ಮೊಬ್ಬರಿಗೆ ಅಷ್ಟ ಗುಳ್ಳಿ ಎದ್ದಾವೇನ್ರಿ?" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬೇರೆ ದಾರಿ ಕಾಣದೆ ಸಿಟ್ಟು ನುಂಗಿಕೊಂಡು ಜೋಡಿದಾರನಿಗೆ ಫೋನು ಹಚ್ಚಿದೆ.

"ಕೆರಿಯೂದ ಸರಿ ಆಗಿಲ್ಲ ತಗೋ," ಎಂದ ಅವನು.

"ನಾ ಕೆರದದ್ದು ಸರಿ ಇಲ್ಲ ಅಂತೀಯೇನ?"

"ಇಲ್ಲಪಾ, ನೀ ಕೆರದ್ರ ತಗಡಿನ ತಾಯಿ ಹಾಲೂ ಹೊರಗ ಬರತೈತಿ, ಗೊತ್ತೈತಿ. ಹಂಗಾರ ತಗಡಿನ್ಯಾಗ ಏನೋ ಐತಿ. ಕಿತ್ತ ಒಗಿಯಂತ ಹೇಳು, ನಾ ಬಂದ ಹೊಸಾ ಶೀಟ್ ಹಾಕತೇನಿ." ಹಿಂದೆ ಡ್ರಿಲ್ಲಿನ ಸದ್ದು, ಯಾರದೋ ನಗು ಕೇಳಿತು. ಅವನಿಗೆ ಅಲ್ಲಿ ಜೊತೆಯಿತ್ತು. ನನಗೆ ಹೊಟ್ಟೆಯುರಿಯಿತು, ಫೋನು ಇಟ್ಟೆ.

ತಗಡಿನಲ್ಲಿ ಏನೋ ಇದೆ ಎಂಬ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಮತ್ತೆ ಹತ್ತಿ ಒಂದು ಗುಳ್ಳೆಯನ್ನು ಮೆತ್ತಗೆ ಚುಚ್ಚಿದೆ. ಒಳಗಿಂದ ಒಂದು ತೊಟ್ಟು ನೀರು ಬಂತು. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ನನ್ನ ಬೆವರೇ ಇದ್ದೀತೆಂದು ಕೈ ಬಾಯಿ ತೊಳೆದು ಬಂದು, ಇನ್ನೊಂದು ಮೂಲೆಯ ಗುಳ್ಳೆ ಚುಚ್ಚಿ ನೆಕ್ಕಿದೆ. ಅದೂ ಉಪ್ಪು. ಕೆಳಗೆ ಹೋಗುತ್ತಿದ್ದ ಒಬ್ಬ ಮುದುಕ ಆಗಲೇ ತಲೆಯೆತ್ತಬೇಕೇ! ಪೇಂಟರ್ ಛಾವಣಿ ನೆಕ್ಕುತ್ತಿದ್ದಾನೆಂಬ ಸುದ್ದಿ ಮಧ್ಯಾಹ್ನದೊಳಗೆ ಓಣಿಯೆಲ್ಲ ಹಬ್ಬಿತು.

ಕರೆಂಟು ಹೋಗಿ ಮಗ್ಗ ನಿಂತಾಗ ಒಳಗೆ ಹೋದೆ. "ಅಕ್ಕಾರ, ವರ್ಷಾ ಸುಣ್ಣ ಬಳಿತೀರಲ್ರಿ, ಅದರಾಗ ಏನೇನ ಹಾಕತೀರಿ?"

"ಏನ ಹಾಕತಾರ್ರಿ? ಸುಣ್ಣ, ಒಂದಿಷ್ಟ ಬೆಲ್ಲದ ನೀರು, ಮತ್ತ ಎರಡ ಬೊಗಸಿ ಹಳ್ಳುಪ್ಪು. ಉಪ್ಪ ಹಾಕಲಿಲ್ಲ ಅಂದ್ರ ಸುಣ್ಣ ಕೈಗೆ ಹತ್ತತೈತಿ, ಮೊದಲ ಮಳಿಗೇ ತೊಳದ ಹೋಗತೈತಿ. ನಮ್ಮ ತವರಮನ್ಯಾಗ ಗ್ವಾಡಿಗೆ ಹಂಗ ಬಳಿತಿದ್ರು. ಲಗ್ನ ಆಗಿ ಬಂದಾಗಿಂದ ಪ್ರತಿ ಬ್ಯಾಸಗಿ ನಾನ ಏಣಿ ಹತ್ತಿ ಬಳದೇನಿ, ಯಾರ ಕಡೇನೂ ಬಳಸಿಲ್ಲ." ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಗೋಡೆಗೆ ಅದು ಸರಿಯಾದ ಮಾತೇ. ನನ್ನ ಅವ್ವನೂ ಹಾಗೇ ಬಳಿಯುತ್ತಿದ್ದಳು, ಉಪ್ಪು ಹಾಕದ ಸುಣ್ಣ ಕಂಡರೆ ಮೂಗು ಮುರಿಯುತ್ತಿದ್ದಳು. ಆದರೆ ಗೋಡೆಗೆ ಮದ್ದಾದದ್ದು ತಗಡಿಗೆ ವಿಷ. ಪ್ರತಿ ಬೇಸಿಗೆ ಬಳಿದ ಉಪ್ಪು ತಗಡಿನ ಸಣ್ಣ ಸಣ್ಣ ಕುಳಿಗಳಲ್ಲಿ ಇಳಿದು ಕುಳಿತಿತ್ತು. ಒಣ ಬ್ರಶ್ಶಿಗೆ ಅದು ಸಿಗುವುದಿಲ್ಲ. ಮೇಲೆ ಎಂಥ ಬಣ್ಣ ಬಳಿದರೂ ಗಾಳಿಯ ತೇವವನ್ನು ಎಳೆದುಕೊಂಡು ಒಳಗಿಂದ ಎಬ್ಬಿಸುತ್ತದೆ. ಗುಳ್ಳೆಯಿಂದ ಕಳಚಿದ ಸಿಪ್ಪೆಯೊಂದನ್ನು ಅವಳ ಅಂಗೈಗೆ ಹಾಕಿದೆ, ಅವಳೇ ಅರ್ಥ ಮಾಡಿಕೊಂಡಳು.

"ಅಂದ್ರ ತಗಡ ತಿಂದದ್ದು ನಾನ ಏನ್ರಿ?"

"ಗಾಳಿ ನೀರೂ ತಿಂದಾವ್ರಿ."

"ಮುಚ್ಚಿ ಮಾತಾಡಬ್ಯಾಡ್ರಿ ಅಣ್ಣಾರ. ಮನಿ ತಂಪ ಇರಲಿ ಅಂತ ಬಿಸಲಾಗ ಕುಂತ ಬಳದೇನಿ. ನನ್ನ ಕೈಲೆ ನಾನ ತೂತ ಕೊರದೆ." ಮಗ್ಗದ ಹಲಗೆಯ ಮೇಲೆ ಕುಳಿತು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಸಮಾಧಾನದ ಮಾತು ನನಗೆ ಬರುವುದಿಲ್ಲ, ತಮಾಷೆ ಮಾತ್ರ ಬರುತ್ತದೆ. "ಉಪ್ಪ ತಿಂದಾಂವ ನೀರ ಕುಡಿಲೇಬೇಕಲ್ರಿ. ತಗಡಿಗೂ ಕುಡಸೂಣಂತ," ಎಂದೆ.

ಹೇಳುವುದು ಸುಲಭ. ತೊಳೆಯಬೇಕೆಂದರೆ ಬಳಿದ ಪ್ರೈಮರನ್ನೆಲ್ಲ ಕೆರೆದು ತೆಗೆಯಬೇಕು, ಕೊಡಗಟ್ಟಲೆ ನೀರು ಸುರಿಯಬೇಕು, ಸುರಿಯುವ ಹೊತ್ತಿಗೆ ಮಗ್ಗ ನಿಂತಿರಬೇಕು. ಮಗ್ಗ ನಿಲ್ಲುವುದು ಅಮಾವಾಸ್ಯೆಯ ಆ ಒಂದು ದಿನ. ಆ ದಿನವನ್ನು ಬೋಲ್ಟಿನ ಸೀಲಿಗೆಂದು ಇಟ್ಟುಕೊಂಡಿದ್ದೆ. ತೊಳೆದರೆ ಸೀಲಿಗೆ ದಿನವಿಲ್ಲ, ಸೀಲು ಹಚ್ಚಿದರೆ ತೊಳೆಯಲು ದಿನವಿಲ್ಲ.

ಈ ಗೊಂದಲದ ನಡುವೆಯೇ ಮೈದುನ ಬಂದ. ನನ್ನ ವಯಸ್ಸಿಗೆ ತುಸು ಕಡಿಮೆ, ಹೆಗಲ ಮೇಲೆ ಟವೆಲು, ಮಾತು ಮೆತ್ತಗೆ. ಅತ್ತಿಗೆಗೆಂದು ಒಂದು ಚೀಲ ಜೋಳ ತಂದಿದ್ದ. ಏಣಿಯ ಅರ್ಧಕ್ಕೆ ಹತ್ತಿ ಛಾವಣಿ ನೋಡಿ, ನನ್ನನ್ನು ಬೇವಿನ ಮರದ ಕಡೆ ಕರೆದ.

"ಪೇಂಟರ್ರ, ಯಾಕ ಇಷ್ಟ ತ್ರಾಸ ತಗೋತೀರಿ? ಇದರ ಮ್ಯಾಲೇ ಬಿಳಿ ಬಣ್ಣ ಎಳದ ಬಿಡ್ರಿ. ನೋಡಾಕ ಚಲೋ ಕಾಣತೈತಿ. ಮಳಿ ಬಂದ್ರ ವೈನಿಗೂ ತಾನ ತಿಳಿತೈತಿ, ನನ್ನ ಮಾತಿಗೆ ಬರತಾರ. ಒಬ್ಬಾಕಿ ಹೆಣ್ಣಮಗಳು ಈ ಮೂಲ್ಯಾಗ ಬಿದ್ದರ ನಮಗ ರಾತ್ರಿ ನಿದ್ದಿ ಹತ್ತಂಗಿಲ್ರಿ. ನಿಮ್ಮ ಕೆಲಸಾನೂ ಮುಗೀತು, ನೀವೂ ಊರಿಗೆ ಹೋಗಬಹುದು."

ಅವನು ಹೇಳಿದ್ದರಲ್ಲಿ ಕೆಡುಕಿರಲಿಲ್ಲ, ಅದೇ ಕಷ್ಟ. ಸುಳ್ಳಾಡದೆ ಹೇಳುತ್ತೇನೆ, ನನಗೂ ಆಸೆಯಾಯಿತು. ಆ ಗರಡಿಮನೆ, ಆ ಡಬ್ಬಿಯ ರೊಟ್ಟಿ, ಮರಕ್ಕೆ ಕಟ್ಟಿದ ಹಗ್ಗ ಎಲ್ಲ ಸಾಕಾಗಿತ್ತು. ಒಬ್ಬಂಟಿ ಹೆಂಗಸು ನಾಲ್ಕು ಜನರಿರುವ ಮನೆಗೆ ಹೋಗಿ ಇರುವುದು ಕೆಟ್ಟದ್ದೆಂದು ಹೇಳಲು ನಾನು ಯಾರು? ನನ್ನನ್ನು ಯಾರಾದರೂ ಹಾಗೆ ಬಾ ಎಂದು ಕರೆದಿದ್ದರೆ ಓಡಿ ಹೋಗುತ್ತಿದ್ದೆ. ಆ ಸಂಜೆ ಗರಡಿಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನೇ ಯೋಚಿಸಿದೆ. ಅವಳ ಮಗ್ಗಗಳ ಸದ್ದು ಅಲ್ಲಿಗೂ ಕೇಳುತ್ತಿತ್ತು. ಒಂದು ಮಗ್ಗ ನಿಲ್ಲುವುದು, ಅವಳು ಹರಿದ ಎಳೆ ಕೂಡಿಸುವುದು, ಮತ್ತೆ ಶುರುವಾಗುವುದು. ನಾನು ಒಬ್ಬನೇ ಇದ್ದದ್ದು ನನಗೆ ಬೇಡವಾಗಿತ್ತು. ಅವಳು ಒಬ್ಬಳೇ ಇದ್ದದ್ದು ಅವಳಿಗೆ ಬೇಕಾಗಿತ್ತು. ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲಸುವುದು ತಪ್ಪೆನ್ನಿಸಿತು. ಮರುದಿನ ನಸುಕಿನಲ್ಲಿ ಪ್ರೈಮರ್ ಕೆರೆಯಲು ಕುಳಿತೆ.

ನಮ್ಮ ಕೈಯಿಂದಲೇ ಬಳಿದದ್ದನ್ನು ನಾವೇ ಕೆರೆಯುವಂಥ ಬೇಸರದ ಕೆಲಸ ಇನ್ನೊಂದಿಲ್ಲ. ಅಂಗೈಗಳಲ್ಲಿ ಬೊಬ್ಬೆಗಳೆದ್ದವು. ಅಮಾವಾಸ್ಯೆ ಬರುವಷ್ಟರಲ್ಲಿ ತಗಡು ಮತ್ತೆ ಬತ್ತಲೆಯಾಯಿತು.

ಅಮಾವಾಸ್ಯೆಯ ಬೆಳಗ್ಗೆ ಇಡೀ ಓಣಿ ಸುಮ್ಮನಿತ್ತು. ಅವಳು ಮಗ್ಗಗಳಿಗೆ ಪೂಜೆ ಮಾಡಿ, ಕಾಯಿ ಒಡೆದು, ಎರಡಕ್ಕೂ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿದಳು. ಮನೆಯ ತೊಟ್ಟಿಯಲ್ಲಿ ಎಷ್ಟೋ ದಿನಗಳಿಗೊಮ್ಮೆ ಬರುವ ನಳದ ನೀರು ತುಂಬಿಟ್ಟಿದ್ದಳು, ಕುಡಿಯಲು ಒಂದು ಕೊಡ ತೆಗೆದಿರಿಸಿ ಉಳಿದದ್ದು ತಗಡಿಗೆ ಎಂದಳು. ಅವಳು ಕೆಳಗೆ ಕೊಡ ತುಂಬಿ ಹಗ್ಗಕ್ಕೆ ಕಟ್ಟುವುದು, ನಾನು ಮೇಲೆ ಎಳೆದುಕೊಂಡು ಸುರಿದು ಬ್ರಶ್ಶಿನಿಂದ ತಿಕ್ಕುವುದು. ನೆತ್ತಿಯಿಂದ ಶುರುಮಾಡಿ ಅಂಚಿನವರೆಗೆ, ಆಮೇಲೆ ಮತ್ತೆ ನೆತ್ತಿಯಿಂದ. ಕೆಂಪು ನೀರು ಇಳಿಯಿತು, ಆಮೇಲೆ ಹಾಲಿನಂಥ ನೀರು, ಆಮೇಲೆ ತಿಳಿ. ಒಣಗಿದ ಪ್ರತಿಯೊಂದು ತಗಡಿನ ಮೇಲೂ ಒದ್ದೆ ಬೆರಳು ಆಡಿಸಿ ನೆಕ್ಕಿ ನೋಡಿದೆ. ಉಪ್ಪೆನಿಸಿದಲ್ಲಿ ಮತ್ತೆ ತೊಳೆದೆ.

"ರುಚಿ ಹೆಂಗೈತ್ರಿ?" ಎಂದು ಕೆಳಗಿಂದ ಕೂಗಿದಳು.

"ಈಗ ಸಪ್ಪ ಆಗೈತ್ರಿ!"

"ಸಪ್ಪಂದ ಇರಲಿ ಬಿಡ್ರಿ, ನಂಗ ಬಿಪಿ ಐತಿ."

ಹಗ್ಗಕ್ಕೆ ಕೊಡ ಕಟ್ಟಿ ಅವಳು ಎರಡು ಸಲ ಜಗ್ಗಿದಾಗ ನಾನು ಎಳೆಯಬೇಕೆಂದು ಮಾತಾಗಿತ್ತು. ಪ್ರತಿ ಸಲ ಆ ಎರಡು ಜಗ್ಗು ಕೈಗೆ ಬಂದಾಗ ನಾನೂ ಸುಮ್ಮಸುಮ್ಮನೆ ಒಮ್ಮೆ ಮರಳಿ ಜಗ್ಗುತ್ತಿದ್ದೆ. ಇಷ್ಟಕ್ಕೆಲ್ಲ ಕಣ್ಣಲ್ಲಿ ನೀರು ತರುವ ಮನುಷ್ಯ ನಾನಲ್ಲ, ಆದರೆ ಬಂತು. ಮೇಲೆ ಯಾರೂ ನೋಡುವವರಿರಲಿಲ್ಲ, ಒಬ್ಬನೇ ಇರುವುದಕ್ಕೆ ಅದೊಂದು ಅನುಕೂಲ.

ಮರುದಿನದಿಂದ ಮತ್ತೆ ಮಗ್ಗದ ಸದ್ದು, ಮೇಲೆ ಮತ್ತೆ ನಾನೊಬ್ಬನೇ. ಹೊಸ ಪ್ರೈಮರ್ ಎಳೆದೆ. ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಪರೀಕ್ಷೆ ಮಾಡಿತು, ಒಂದು ಗುಳ್ಳೆಯೂ ಏಳಲಿಲ್ಲ. ತೂತುಗಳಿಗೆ ಬಲೆ ಇಟ್ಟು ತೇಪೆ ಹಾಕಿದೆ. ಬೋಲ್ಟುಗಳಿಗೆ ಮಾತ್ರ ಕರೆಂಟು ಹೋದಾಗ ಓಡಿ ಹತ್ತಿ ಸೀಲು ಹಚ್ಚುವುದು, ಬಂದಾಗ ಇದು ಒಣಗಿತೋ ಇಲ್ಲವೋ ಎಂದು ಬೆರಳಿಟ್ಟು ನೋಡುವುದು. ಅದು ಸರಿಯಾದ ರೀತಿಯಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಹೇಳಿದ್ದೆ. ಬಿಳಿ ಲೇಪನದ ಎರಡನೆಯ ಪದರ ಒಣಗುವಾಗ ಪಶ್ಚಿಮಕ್ಕೆ ಮೋಡ ಕಟ್ಟಿಕೊಂಡು ಬಂತು.

ಮಿರಗದ ಮಳೆ ಬರುವ ಸೂಚನೆ ನೋಡಿ ಮೈದುನನೂ ಬಂದ. ಮಗ್ಗ ಹೇರಲು ಟೆಂಪೋದವನಿಗೆ ಹೇಳಿಟ್ಟೇ ಬಂದಿದ್ದ. ಮಧ್ಯಾಹ್ನ ಮಳೆ ಹೊಡೆಯಿತು ನೋಡಿ, ತಗಡಿನ ಮೇಲೆ ಜೋಳದ ಚೀಲ ಸುರ‍್ರನೆ ಸುರುವಿದ ಹಾಗೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ. ಮೈದುನ ತಲೆಯೆತ್ತಿಕೊಂಡು ಅಂಕಣ ಅಂಕಣಕ್ಕೆ ತಿರುಗುತ್ತಿದ್ದ. ನಾನು ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದೆ. ಒಂದು ತೇಪೆಯೂ ಸೋರಲಿಲ್ಲ. ತೊಳೆದು ಬಳಿದ ತಗಡಿನ ಒಳಮೈ ಒಣಗಿಯೇ ಇತ್ತು.

ಆಮೇಲೆ ಅವಳ ಕಡೆ ನೋಡಿದೆ. ಎರಡೂ ಮಗ್ಗ ನಿಲ್ಲಿಸಿ ಕಿಟಕಿಯ ಹತ್ತಿರದ ಮಗ್ಗಕ್ಕೆ ಬಂದಿದ್ದಳು. ಹರಿದ ಎಳೆ ಹುಡುಕುವವಳಂತೆ ಬಗ್ಗಿ, ಬಲಗೈಯನ್ನು ಹಾಸಿನ ಮೇಲೆ ಗೇಣೆತ್ತರದಲ್ಲಿ ಚಾಚಿ, ಅಂಗೈ ಮೇಲಕ್ಕೆ ಮಾಡಿ ನಿಂತಿದ್ದಳು. ಮೇಲೆ ನೆತ್ತಿಯ ಹತ್ತಿರದ ಒಂದು ಬೋಲ್ಟಿನ ಸೀಲು ಸೀಳಿತ್ತು. ಹನಿ ಬಿತ್ತು, ಅವಳ ಅಂಗೈಯಲ್ಲಿ. ಸ್ವಲ್ಪ ತಡೆದು ಇನ್ನೊಂದು ಹನಿ, ಅಂಗೈಯಲ್ಲೇ. ಕೆಳಗಿನ ಹಾಸು ಒಣಗಿಯೇ ಇತ್ತು. ಅವಳು ತಲೆ ಮೇಲೆತ್ತಲಿಲ್ಲ. ಅವಳ ಮುಖ ನೋಡಿದರೆ ಎಷ್ಟು ಹೊತ್ತು ಬೇಕಾದರೂ ಹಾಗೇ ನಿಲ್ಲುವವಳಂತೆ ಕಂಡಳು.

ಮೈದುನ ಆ ಮಗ್ಗದ ಹತ್ತಿರ ಬಂದ. ಹಾಸು ನೋಡಿದ. ಅವಳ ಕೈ ನೋಡಿದ. ತುಂಬಿದ ಅಂಗೈಯಿಂದ ನೀರು ಮೊಣಕೈಗೆ ಇಳಿದು ಅವಳ ಸೆರಗಿಗೆ ತೊಟ್ಟಿಕ್ಕುತ್ತಿತ್ತು. ಮುಗಿಯಿತು ಅಂದುಕೊಂಡೆ. ಅವನು ಹೆಗಲ ಮೇಲಿನ ಟವೆಲು ತೆಗೆದು ಅವಳ ಮೊಣಕೈ ಮೇಲೆ ಹಾಕಿದ.

"ಕೈ ಒರಸ್ಕೋರಿ ವೈನಿ," ಎಂದು ಮಳೆಯ ಸದ್ದಿನ ಮೇಲೆ ಕೂಗಿ ಹೇಳಿದ. "ಹಾಸಿನ ಮ್ಯಾಲ ಒಂದ ಹನೀನೂ ಇಲ್ಲ. ನಾ ನೋಡೇನಿ." ಬಾಗಿಲಿಗೆ ಹೋಗಿ ಫೋನಿನಲ್ಲಿ, "ಗಾಡಿ ಬ್ಯಾಡಪಾ" ಎನ್ನುವುದು ಕೇಳಿಸಿತು. ಮಳೆಯಲ್ಲೇ ಮೋಟಾರ್ ಸೈಕಲ್ ಹತ್ತಿ ಹೋದ.

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಕೈ ಮಾತ್ರ ಕದಲಿಸಿರಲಿಲ್ಲ. ನಾನು ಹೋಗಿ ಅವಳ ಕೈಯ ಕೆಳಗೆ ನನ್ನ ಕೈ ಚಾಚಿದೆ. ಅವಳು ತನ್ನದನ್ನು ಎಳೆದುಕೊಂಡಳು. ಮುಂದಿನ ಹನಿ ನನ್ನ ಅಂಗೈಯ ಬೊಬ್ಬೆಯ ಮೇಲೆ ತಣ್ಣಗೆ ಬಿತ್ತು.

"ಮಳಿ ನಿಂತ ಕೂಡ್ಲೆ ಹತ್ತಿ ಹಚ್ಚತೇನ್ರಿ," ಎಂದೆ.

"ಅಲ್ಲೀತನಾ ಹಿಂಗ ನಿಂತಿರತೀರೇನ್ರಿ?"

"ನಿಂತಿರತೇನ್ರಿ. ನೀವು ಆ ಮಗ್ಗ ನಡಸ್ರಿ."

ಅವಳು ಟವೆಲಿನಿಂದ ಮುಖ ಒರೆಸಿಕೊಂಡು ಇನ್ನೊಂದು ಮಗ್ಗಕ್ಕೆ ಹೋಗಿ ಸ್ವಿಚ್ಚು ಹಾಕಿದಳು. ಲಾಳಿ ಓಡತೊಡಗಿತು. ನಡುನಡುವೆ ತಿರುಗಿ ನನ್ನ ಕಡೆ ನೋಡಿ ಏನೋ ಹೇಳುತ್ತಿದ್ದಳು, ಮಳೆ ಮತ್ತು ಮಗ್ಗದ ಸದ್ದಿನಲ್ಲಿ ನನಗೇನೂ ಕೇಳಿಸುತ್ತಿರಲಿಲ್ಲ, ನಾನು ತಲೆಯಾಡಿಸುತ್ತಿದ್ದೆ. ಮಗ್ಗದ ಚೌಕಟ್ಟಿನ ಮೇಲೆ ಒಂದು ಹಲಗೆ ಅಡ್ಡ ಹಾಕಿ, ಅದರ ಮೇಲೆ ಬೋಗುಣಿ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹಲಗೆ ಬೋಗುಣಿ ಎರಡೂ ಅಲ್ಲೇ ಗೋಡೆಯ ಬುಡದಲ್ಲಿದ್ದವು. ಅದು ನನಗೆ ಹೊಳೆಯಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.